ತಕಾರದ ಬಾಲ

ಬೋರ್ಡಪ್ಪನಿಗೆ ಎಪ್ಪತ್ತಮೂರು ವರ್ಷ. ಕೈ ಇನ್ನೂ ನಡುಗುವುದಿಲ್ಲ, ಬಾಯಿ ಇನ್ನೂ ನಿಲ್ಲುವುದಿಲ್ಲ. ಕೈ ನಡುಗದಿರುವುದು ಅವನ ಪುಣ್ಯ. ಬಾಯಿ ನಿಲ್ಲದಿರುವುದು ಅವನ ಮಗಳ ಪಾಡು. ಯಾಕೆಂದರೆ ಮಗಳು ನ್ಯಾಯಾಧೀಶೆ.

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಐವತ್ತು ವರ್ಷ ಅಂಗಡಿಗಳಿಗೆ ಬೋರ್ಡು ಬರೆದು ಬರೆದು ಆ ಹೆಸರು ಎಲ್ಲೋ ಬಣ್ಣದ ಕೆಳಗೆ ಹೂತುಹೋಯಿತು. ಸೈಕಲ್ ಅಂಗಡಿ, ಔಷಧಿ ಅಂಗಡಿ, ಲಾರಿಯ ಬೆನ್ನು, ಶಾಲೆಯ ಗೋಡೆ, ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಗೇಟು, ಎಲ್ಲದರ ಮೇಲೂ ಅವನ ದುಂಡು ದುಂಡಾದ ಅಕ್ಷರ. ಗೆರೆ ಹಾಕಿಕೊಳ್ಳದೆ ಬರೆಯುತ್ತಿದ್ದ. ಹಾಕಿಕೊಂಡು ಬರೆದವರ ಸಾಲು ಸೊಟ್ಟಗಾಗುತ್ತಿತ್ತು, ಅವನದು ಆಗುತ್ತಿರಲಿಲ್ಲ. ಅದಕ್ಕೆ ಅವನಿಗೆ ಒಂದಿಷ್ಟು ಜಂಬವೂ ಇತ್ತು, ಇರಲಿ ಬಿಡಿ, ಇರಬೇಕಾದದ್ದೇ.

ಚುನಾವಣೆ ಬಂತೆಂದರೆ ಅವನಿಗೆ ಸುಗ್ಗಿ. ಎಲ್ಲ ಪಕ್ಷದವರೂ ಗೋಡೆ ಬರೆಸಲು ಅವನ ಮನೆ ಬಾಗಿಲಿಗೇ ಬರುತ್ತಿದ್ದರು. ಬಣ್ಣದವನಿಗೆ ಯಾವ ಪಕ್ಷ, ಬಕೆಟ್ಟಿಗೆ ಯಾವ ಪಕ್ಷ ಅನ್ನುತ್ತ ಎಲ್ಲರಿಗೂ ಬರೆದುಕೊಡುತ್ತಿದ್ದ. ಆದರೆ ಸ್ವಾಮಿ, ಒಳಗೊಳಗೆ ಅವನಿಗೂ ಒಂದು ಪಕ್ಷ ಇತ್ತು. ಯಾವುದು ಅಂತ ಕೇಳಬೇಡಿ. ಹೇಳಿದರೆ ಈ ಕತೆ ಕೇಳುತ್ತಿರುವ ನೀವೂ ಎರಡು ಗುಂಪಾಗಿಬಿಡುತ್ತೀರಿ. ಆ ತನ್ನ ಪಕ್ಷಕ್ಕೆ ಬರೆಯುವಾಗ ಮಾತ್ರ ಅವನು ‘ಮತ’ ಎಂಬ ಮಾತಿನ ತಕಾರಕ್ಕೆ ಒಂದು ಸಣ್ಣ ಬಾಲ ಎಳೆಯುತ್ತಿದ್ದ. ಅಕ್ಷರದ ತುದಿ ಕೆಳಕ್ಕಿಳಿದು, ಮತ್ತೆ ಮೇಲಕ್ಕೆ ತಿರುಗಿ, ನಕ್ಕ ಹಾಗೆ ಕಾಣುವ ಒಂದು ಬಾಲ. ಎದುರು ಪಕ್ಷದ ಗೋಡೆಗೂ ಅದೇ ಬಣ್ಣ, ಅದೇ ಕುಂಚ, ಅದೇ ಅಳತೆ, ಆದರೆ ಬಾಲವಿಲ್ಲ. ಆ ಬಾಲ ನೋಡಿದವರ ಮನಸ್ಸು ತಮಗೇ ಗೊತ್ತಾಗದೆ ಆ ಕಡೆ ವಾಲುತ್ತದೆ ಎಂದು ಅವನ ಗಟ್ಟಿ ನಂಬಿಕೆ.

ಗುಟ್ಟು ಗೊತ್ತಿದ್ದದ್ದು ಬಣ್ಣದ ಡಬ್ಬಿ ಹಿಡಿದುಕೊಂಡು ಏಣಿಯ ಕೆಳಗೆ ನಿಲ್ಲುತ್ತಿದ್ದ ಮಗಳಿಗೆ. ಆಗ ಅವಳಿಗೆ ಒಂಬತ್ತು ವರ್ಷ. ಅವನಿಗಿಂತ ಜೋರಾಗಿ ಘೋಷಣೆ ಕೂಗುತ್ತಿದ್ದಳು. ಮಗಳ ಗಂಟಲು ಕೇಳಿ ಅವನ ಎದೆ ಉಬ್ಬುತ್ತಿತ್ತು. ಆ ವರ್ಷ ಶಾಲೆಯ ರಜೆಯಲ್ಲಿ ಅವಳನ್ನು ಕರೆದುಕೊಂಡು ಪಕ್ಕದ ಊರಿಗೆ ಹೋಗಿ ಎರಡು ತಿಂಗಳು ಗೋಡೆ ಬರೆದಿದ್ದ. ತನ್ನ ಪಕ್ಷದ ಒಂದೊಂದು ಗೋಡೆಗೂ ಬಾಲ ಹಾಕಿದ್ದ. ಆದರೂ ಪಕ್ಷ ಸೋತಿತು, ಅದೂ ಬರೀ ಹನ್ನೊಂದು ಮತಗಳಿಂದ. ಅಷ್ಟು ಬಾಲ ಹಾಕಿಯೂ ಸೋತದ್ದು ಹೇಗೆ ಎಂದು ಅವನು ಮೂವತ್ತೈದು ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದಾನೆ.

ಈಗ ಮಗಳು ಅದೇ ಪಕ್ಕದ ಊರಿನ ನ್ಯಾಯಾಧೀಶೆ. ಹೋದ ವರ್ಷ ಬೋರ್ಡಪ್ಪ ಏಣಿಯಿಂದ ಬಿದ್ದು ಪಾದದ ಗಂಟು ಮುರಿದುಕೊಂಡಾಗ ಅವಳು ಕಾರು ತಂದು, ಅವನನ್ನೂ ಅವನ ಕುಂಚಗಳನ್ನೂ ತುಂಬಿಕೊಂಡು ತನ್ನ ಸರ್ಕಾರಿ ಮನೆಗೆ ಕರೆತಂದಳು. ಮೊದಲ ದಿನವೇ ಊಟದ ಮೇಜಿನ ಮುಂದೆ ಕೂರಿಸಿಕೊಂಡು ಹೇಳಿದಳು.

“ಅಪ್ಪಾ, ಮಾತಾಡೋ ಹಕ್ಕು ನಿಮಗಿದೆ, ಅದನ್ನ ನಾನು ಕಿತ್ಕೊಳ್ಳಲ್ಲ. ಆದ್ರೆ ಈ ಗೇಟಿನ ಮೇಲೆ ನನ್ನ ಹೆಸರಿದೆ. ಇದರೊಳಗೆ ಯಾರು ಮಾತಾಡಿದ್ರೂ ಹೊರಗಿನವರಿಗೆ ನಾನೇ ಮಾತಾಡಿದ ಹಾಗೆ ಕೇಳಿಸುತ್ತೆ.”

ಅಂದಿನಿಂದ ಮನೆಯಲ್ಲಿ ಪಕ್ಷದ ಮಾತಿಲ್ಲ, ಬಾವುಟವಿಲ್ಲ, ಪಕ್ಷದವರಿಗೆ ಚಹಾ ಇಲ್ಲ. ಬೋರ್ಡಪ್ಪ ಒಪ್ಪಿಕೊಂಡ. ಒಪ್ಪಿಕೊಂಡದ್ದೇನೋ ಸರಿ, ಪಾಲಿಸುವುದು ಅಷ್ಟು ಸುಲಭವೇ. ಟಿವಿಯಲ್ಲಿ ಸುದ್ದಿ ಬಂದರೆ ಅವನ ನಾಲಿಗೆ ತುರಿಸುತ್ತಿತ್ತು. ಎದ್ದು ಹೋಗಿ ಹಿತ್ತಿಲಿನ ನಲ್ಲಿ ಬಿಟ್ಟು, ಆ ಸದ್ದಿನಲ್ಲಿ ಒಂದೆರಡು ಬೈಗುಳ ಬೈದು, ನಲ್ಲಿ ನಿಲ್ಲಿಸಿ ಬರುತ್ತಿದ್ದ. ಅಳಿಯ ಲೆಕ್ಕದ ಮೇಷ್ಟ್ರು, ಸಾಧು ಪ್ರಾಣಿ. ಮಾವ ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತಾರಪ್ಪಾ ಎಂದು ಆಶ್ಚರ್ಯಪಡುತ್ತಿದ್ದ. ಮಗಳು ಮಾತ್ರ ಅದೇ ಸುದ್ದಿಯನ್ನು ಹವಾಮಾನ ವರದಿ ಕೇಳಿದ ಹಾಗೆ ಕೇಳುತ್ತಿದ್ದಳು. ಆ ಕಡೆಯವರು ಗೆದ್ದರೂ ಅದೇ ಮುಖ, ಈ ಕಡೆಯವರು ಗೆದ್ದರೂ ಅದೇ ಮುಖ. ಎತ್ತಿ ಆಡಿಸಿದ ಮಗಳ ಹೊಟ್ಟೆಯೊಳಗೆ ಏನಿದೆ ಎಂದು ತನಗೇ ಗೊತ್ತಿಲ್ಲವಲ್ಲ ಎಂದು ಅವನಿಗೆ ಸಂಕಟ. ಅಷ್ಟು ಜೋರಾಗಿ ಕೂಗುತ್ತಿದ್ದ ಹುಡುಗಿ ಎಲ್ಲಿ ಹೋದಳು?

ಬಾಯಿಗೆ ಬೀಗ ಬಿದ್ದವನಿಗೆ ಕೀಲಿಕೈ ಸಿಕ್ಕಿದ್ದು ಮೂರು ಬೀದಿ ಆಚೆಯ ಕ್ಷೌರದಂಗಡಿಯಲ್ಲಿ. ಅಲ್ಲಿನ ಕ್ಷೌರಿಕ ಎದುರು ಪಕ್ಷದವನು, ಸಾಲದ್ದಕ್ಕೆ ಕತ್ತರಿ ಹಿಡಿದವನು. ಇಬ್ಬರೂ ದಿನವೂ ಹಾವು ಮುಂಗುಸಿಯ ಹಾಗೆ ಕಚ್ಚಾಡಿ, ಒಂದೇ ಲೋಟದ ಚಹಾ ಹಂಚಿಕೊಂಡು ಕುಡಿಯುತ್ತಿದ್ದರು. ಬೋರ್ಡಪ್ಪ ವಾರಕ್ಕೆ ನಾಲ್ಕು ಸಲ ಗಡ್ಡ ಮಾಡಿಸಿಕೊಳ್ಳತೊಡಗಿದ. ಕೆನ್ನೆ ಮಗುವಿನ ಕೆನ್ನೆಯಾಯಿತು.

ಹೀಗಿರುವಾಗ ಚುನಾವಣೆ ಬಂತು. ಚುನಾವಣಾ ಕಚೇರಿಯ ಗುಮಾಸ್ತನೊಬ್ಬ ಮನೆಗೆ ಬಂದು, ಈ ಬೀದಿಯಲ್ಲೇ ಉದ್ದವಾದ ಬಿಳಿ ಗೋಡೆ ನಿಮ್ಮದು, ಇದರ ಮೇಲೆ ಎಲ್ಲರೂ ಮತ ಹಾಕುವಂತೆ ಒಂದು ಸಾಲು ಬರೆಸಬಹುದೇ ಎಂದು ಕೇಳಿದ. ಆ ಗೋಡೆಯನ್ನು ಬೋರ್ಡಪ್ಪ ಒಂದು ವರ್ಷದಿಂದ ಹಸಿದವನು ಅನ್ನದ ತಟ್ಟೆ ನೋಡಿದ ಹಾಗೆ ನೋಡುತ್ತಿದ್ದ. ಮಗಳು ಗುಮಾಸ್ತ ಕೊಟ್ಟ ಚೀಟಿಯನ್ನು ಎರಡೆರಡು ಸಲ ಓದಿದಳು. ‘ತಪ್ಪದೆ ಎಲ್ಲರೂ ಮತ ಹಾಕಿ.’ ಇದರಲ್ಲಿ ಯಾವ ಪಕ್ಷವೂ ಇಲ್ಲ, ನೀವೇ ಬರೆಯಿರಿ ಎಂದು ಅಪ್ಪನಿಗೆ ಹೇಳಿದಳು.

ಬೆಳಗ್ಗೆ ಏಳಕ್ಕೆ ಶುರುಮಾಡಿ ಹತ್ತಕ್ಕೆ ಮುಗಿಸಿದ. ಅಳಿಯ ರಜೆ ಹಾಕಿ ಏಣಿ ಹಿಡಿದುಕೊಂಡಿದ್ದ. ದಾರಿಹೋಕರು ನಿಂತು ನೋಡಿದರು, ಶಾಲೆಗೆ ಹೊರಟ ಮಕ್ಕಳು ಅಕ್ಷರ ಒಂದೊಂದಾಗಿ ಓದಿದರು. ನೀಲಿ ಬಣ್ಣ ಗೋಡೆಗೆ ಹತ್ತಿದ ಕೂಡಲೇ ಬೋರ್ಡಪ್ಪನ ಮೈಯಲ್ಲಿ ಹಳೆಯ ಬಿಸಿ ಹರಿಯಿತು. ಮುರಿದ ಗಂಟು ನೆನಪಾಗಲಿಲ್ಲ, ವಯಸ್ಸು ನೆನಪಾಗಲಿಲ್ಲ. ಬರೆದಾದ ಮೇಲೆ ಬೀದಿಯ ಆಚೆ ಬದಿಗೆ ಹೋಗಿ ನಿಂತು ನೋಡಿದ. ಸಾಲು ನೂಲು ಹಿಡಿದಂತಿತ್ತು. ಬದುಕಿದ್ದು ಸಾರ್ಥಕ ಅನ್ನಿಸಿತು.

ಮಾರನೆಯ ದಿನ ಭಾನುವಾರ. ಕ್ಷೌರದ ಕುರ್ಚಿಯಲ್ಲಿ ಕೂತು ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದಾಗ, ಒಂದು ಕಾಲಕ್ಕೆ ಆ ಊರಿನಲ್ಲಿ ಅವನ ಪಕ್ಷದ ಅಧ್ಯಕ್ಷನಾಗಿದ್ದ ಮುದುಕ ಬಂದು ಪಕ್ಕದಲ್ಲಿ ಕೂತ. ಕನ್ನಡಿಯಲ್ಲೇ ಕಣ್ಣು ಮಿಟುಕಿಸಿದ.

“ಗೋಡೆ ನೋಡ್ದೆ ಬೋರ್ಡಪ್ಪ. ಬಾಲಾನೂ ನೋಡ್ದೆ. ನಾಳೆ ನಮ್ಮ ಕೇಸು ನಿನ್ನ ಮಗಳ ಮುಂದೇನೇ ಬರೋದು. ಮಗಳು ಯಾವ ಕಡೆ ಅಂತ ಗೋಡೆನೇ ಹೇಳ್ತಿದೆಯಲ್ಲ, ಇನ್ನೇನು ಬೇಕು.”

ಬೋರ್ಡಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಬಾಲವೇ? ತಾನು ಬಾಲ ಎಳೆದೆನೇ? ಕೈ ತನ್ನ ಪಾಡಿಗೆ ತಾನು ಎಳೆದುಬಿಟ್ಟಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಅನ್ನುವುದು ಸುಳ್ಳಲ್ಲ. ಯಾವುದೋ ಹಳೆಯ ಕಾಲದಲ್ಲಿ ಖುಷಿಯ ಭರದಲ್ಲಿ ಈ ಅಧ್ಯಕ್ಷನಿಗೆ ಬಾಲದ ಗುಟ್ಟು ತಾನೇ ಹೇಳಿದ್ದು ಈಗ ನೆನಪಾಯಿತು. ಕೇಸೆಂದರೆ ಹಿಂದಿನ ನಗರಸಭೆ ಚುನಾವಣೆಯಲ್ಲಿ ಒಂದು ಸ್ಥಾನದ ಮತ ಎಣಿಕೆ ಸರಿಯಿಲ್ಲವೆಂದು ಅವನ ಪಕ್ಷ ಹಾಕಿದ ದಾವೆ. ಕೆನ್ನೆಯ ಮೇಲೆ ಆಡುತ್ತಿದ್ದ ಕತ್ತಿ ನಿಂತಿತ್ತು. ಕ್ಷೌರಿಕ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕ್ಷೌರದಂಗಡಿಯಲ್ಲಿ ಬಿದ್ದ ಮಾತು ಮಧ್ಯಾಹ್ನದೊಳಗೆ ಊರು ಸುತ್ತುತ್ತದೆ ಎಂದು ಯಾರಿಗೆ ಗೊತ್ತಿಲ್ಲ.

ಒಂದು ಕೆನ್ನೆಯ ಗಡ್ಡ ಹಾಗೇ ಬಿಟ್ಟು, ಕೊರಳಿಗೆ ಅಂಗಡಿಯ ಟವೆಲು ಸುತ್ತಿಕೊಂಡೇ ಬೋರ್ಡಪ್ಪ ಮನೆಗೆ ಓಡಿದ. ಕುಂಟುವ ಕಾಲಿನಲ್ಲಿ ಆದಷ್ಟು ಓಡಿದ. ಚಾಕು ತೆಗೆದುಕೊಂಡು ಬಾಲ ಕೆರೆಯಲು ಕೈ ಎತ್ತಿದ್ದಾನೆ, ಹಿಂದೆ ಮಗಳು ನಿಂತಿದ್ದಾಳೆ, ಕೈಯಲ್ಲಿ ಗಿಡಕ್ಕೆ ನೀರು ಹಾಕುವ ಪೈಪು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಇವನು ಅಷ್ಟೂ ಅನ್ನಿಸಿಕೊಳ್ಳದೆ ಬಾಲಕ್ಕೆ ಅಂಗೈ ಅಡ್ಡ ಹಿಡಿದ. ಆಮೇಲೆ ಎಲ್ಲವನ್ನೂ ಹೇಳಿಬಿಟ್ಟ. ತಾನು ಇಲ್ಲಿದ್ದರೆ ಅವಳ ಹೆಸರಿಗೆ ಕುತ್ತು, ಇಪ್ಪತ್ತು ವರ್ಷ ಅವಳು ಕಾಪಾಡಿಕೊಂಡು ಬಂದದ್ದನ್ನು ತನ್ನ ಒಂದು ಗೆರೆ ಹಾಳುಮಾಡಿತು, ಸಂಜೆಯ ಬಸ್ಸಿಗೇ ಊರಿಗೆ ಹೋಗಿಬಿಡುತ್ತೇನೆ ಎಂದ. ಈ ಮನೆಯನ್ನು, ಈ ಮೇಜನ್ನು, ಎದುರಿಗೆ ಕೂತು ಮಾತಿಲ್ಲದೆ ಉಣ್ಣುವ ಮಗಳನ್ನು ಬಿಟ್ಟುಹೋಗಲು ಅವನಿಗೆ ಎಳ್ಳಷ್ಟೂ ಮನಸ್ಸಿರಲಿಲ್ಲ.

ಮಗಳು ಬಾಲವನ್ನು ಬಹಳ ಹೊತ್ತು ನೋಡಿದಳು. ತುಟಿಯ ಮೂಲೆ ಒಂದಿಷ್ಟು ಅಲುಗಿತೋ ಏನೋ.

“ಅಳಿಸಬೇಡಿ. ಸಾಕ್ಷ್ಯ ಅಳಿಸೋದು ತಪ್ಪು. ನಾಳೆ ಕೋರ್ಟಿಗೆ ಬನ್ನಿ, ಬಸ್ಸಿನ ಮಾತು ಆಮೇಲೆ.”

ಸೋಮವಾರ ಬೋರ್ಡಪ್ಪ ನ್ಯಾಯಾಲಯದ ಕೊನೆಯ ಬೆಂಚಿನಲ್ಲಿ ಕೂತ. ಎರಡೂ ಕೆನ್ನೆ ಬೋಳಿಸಿಕೊಂಡು ಬಂದಿದ್ದ, ಅದೊಂದು ಸಮಾಧಾನ. ಮೇಲೆ ಫ್ಯಾನು ಕಿರುಗುಡುತ್ತಿತ್ತು, ಕಡತಗಳ ಮೇಲೆ ಕಲ್ಲಿನ ತುಂಡುಗಳು ಕೂತಿದ್ದವು, ಕಿಟಕಿಯ ಪಕ್ಕದ ಗೋಡೆಯ ಮೇಲೆ ‘ಮೌನವಾಗಿರಿ’ ಎಂದು ಯಾರೋ ಸೊಟ್ಟಗೆ ಬರೆದಿದ್ದರು. ಜವಾನ ಕೇಸು ಕೂಗಿದ. ಎರಡೂ ಕಡೆಯ ವಕೀಲರು ಎದ್ದು ನಿಂತರು. ಮುಂದಿನ ಸಾಲಿನಲ್ಲಿ ಹಳೆಯ ಅಧ್ಯಕ್ಷ ಗೆದ್ದವನ ಹಾಗೆ ಕೂತಿದ್ದ.

ಮಗಳು ಕಡತ ತೆರೆಯಲಿಲ್ಲ. ತನ್ನ ಮನೆಯ ಗೋಡೆಯ ಮೇಲಿನ ಬರಹ ತನ್ನ ತಂದೆಯವರದು, ಅದರ ಒಂದು ಅಕ್ಷರಕ್ಕೆ ಬಾಲವಿದೆ, ತಮ್ಮ ಪಕ್ಷಕ್ಕೆ ಬರೆಯುವಾಗ ಅವರು ಹಾಕುತ್ತಿದ್ದ ಗುರುತು ಅದು ಎಂದು ಒಂದನ್ನೂ ಮುಚ್ಚಿಡದೆ ಎಲ್ಲರ ಮುಂದೆ ಹೇಳಿದಳು. ಇದನ್ನು ತಿಳಿದ ಮೇಲೆ ಯಾರಿಗಾದರೂ ಆಕ್ಷೇಪಣೆ ಇದ್ದರೆ ಹೇಳಬಹುದು ಎಂದಳು. ಬೋರ್ಡಪ್ಪ ನೆಲ ಬಿರಿಯಬಾರದೇ ಎಂದು ತಲೆ ತಗ್ಗಿಸಿ ಕೂತ.

ಆಗ ಎದುರು ಪಕ್ಷದ ವಕೀಲ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಆಕ್ಷೇಪಣೆ ಏನೂ ಇಲ್ಲ ಸ್ವಾಮಿ. ಆ ಬಾಲ ನಮ್ಮ ಪಕ್ಷದ ಕಚೇರಿ ಹಿಂದಿನ ಗೋಡೆ ಮೇಲೂ ಇದೆ. ಮೂವತ್ತೈದು ವರ್ಷದ ಹಿಂದೆ ಬೋರ್ಡಪ್ಪನವರೇ ಬರೆದದ್ದು. ಆ ಸಲ ಗೆದ್ದಿದ್ದಕ್ಕೆ ಅದೃಷ್ಟದ ಗೋಡೆ ಅಂತ ಇವತ್ತಿಗೂ ಸುಣ್ಣ ಹೊಡೆಸಿಲ್ಲ. ಬಾಲ ಅವರ ರುಜು ಅಂದ್ಕೊಂಡಿದ್ವಿ.”

ನ್ಯಾಯಾಲಯ ನಕ್ಕಿತು. ಜವಾನನೂ ನಕ್ಕ. ನಗದವರು ಇಬ್ಬರೇ, ಒಬ್ಬ ಹಳೆಯ ಅಧ್ಯಕ್ಷ, ಇನ್ನೊಬ್ಬ ಬೋರ್ಡಪ್ಪ. ಎದುರು ಪಕ್ಷಕ್ಕೆ ತಾನು ಬಾಲ ಹಾಕಿದ್ದೇ? ಕೈ ಕಡಿದರೂ ಹಾಕುವವನಲ್ಲ ತಾನು.

ನಗು ಅಡಗಿದ ಮೇಲೆ ಮಗಳು, ನಿಮಗಿಬ್ಬರಿಗೂ ಆಕ್ಷೇಪಣೆ ಇಲ್ಲ, ಆದರೆ ನನಗಿದೆ ಎಂದಳು. ಯಾರು ಗೆದ್ದರೂ ಸೋತವರಿಗೆ ಆ ಬಾಲ ನೆನಪಾಗುತ್ತದೆ, ಆದ್ದರಿಂದ ಈ ಕೇಸನ್ನು ಬೇರೆ ನ್ಯಾಯಾಧೀಶರಿಗೆ ಕಳಿಸಬೇಕೆಂದು ಬರೆಯುತ್ತೇನೆ ಎಂದು ಹೇಳಿ ಮುಂದಿನ ಕಡತ ಕೈಗೆತ್ತಿಕೊಂಡಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಹಗುರಾದ ಹಾಗಿತ್ತು.

ಸಂಜೆ ಮನೆಗೆ ಬಂದವಳು ಕಪ್ಪು ಕೋಟು ಬಿಚ್ಚಿಟ್ಟು, ಹಳೆಯ ಸೀರೆ ಉಟ್ಟು, ತಾನೇ ಬಣ್ಣದ ಡಬ್ಬಿ ಹಿಡಿದುಕೊಂಡು ಗೋಡೆಯ ಹತ್ತಿರ ಬಂದಳು. ಬೋರ್ಡಪ್ಪ ಏಣಿ ಹತ್ತಿದ. ಬಾಲ ಕೆರೆದುಹಾಕಲೇ ಎಂದು ಕೇಳಿದ.

“ಈ ಸಾಲಿನಲ್ಲಿ ತಕಾರ ಎರಡಿದೆ ಅಪ್ಪಾ. ತಪ್ಪದೆ ಅನ್ನೋದರಲ್ಲಿ ಒಂದು, ಮತದಲ್ಲಿ ಒಂದು. ಇದ್ದರೆ ಎರಡಕ್ಕೂ ಇರಲಿ, ಇಲ್ಲಾಂದ್ರೆ ಎರಡಕ್ಕೂ ಬೇಡ.”

ಅವನು ಮೊದಲನೆಯ ತಕಾರಕ್ಕೂ ಒಂದು ಬಾಲ ಎಳೆದ. ಎಳೆದವನು ಕುಂಚ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೆಳಗೆ ನೋಡಿದ. ಡಬ್ಬಿ ಹಿಡಿದುಕೊಂಡು ನಿಂತ ಅವಳ ಭಂಗಿ, ಮುಖದಲ್ಲಿ ಏನೂ ಇಲ್ಲದ ಆ ಜಾಣತನ, ಎಲ್ಲ ಒಟ್ಟಿಗೆ ಕಣ್ಣಿಗೆ ಬಿತ್ತು. ಮಧ್ಯಾಹ್ನ ಮರದ ನೆರಳಿನಲ್ಲಿ ತಾನು ಒಂದು ಗಳಿಗೆ ಮಲಗುತ್ತಿದ್ದದ್ದು, ಎದ್ದಾಗ ಸಣ್ಣ ಕುಂಚ ಒದ್ದೆಯಾಗಿರುತ್ತಿದ್ದದ್ದು ನೆನಪಾಯಿತು.

“ನೀನೇನೇ ಪುಟ್ಟಿ?”

ಮಗಳು ಮುಚ್ಚಿಡಲಿಲ್ಲ.

“ಒಂದಕ್ಕೆ ಇದೆ, ಇನ್ನೊಂದಕ್ಕೆ ಇಲ್ಲ ಅಂತ ಬೇಜಾರಾಗ್ತಿತ್ತು ಅಪ್ಪಾ. ನೀವು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಹಚ್ಚಿ ಮಲಗಿಬಿಡ್ತಿದ್ರಿ. ಕೈಗೆ ಎಟುಕಿದ ಗೋಡೆಗಳಿಗೆ ನಾನೂ ಹಾಕಿದೆ.”

ಬೋರ್ಡಪ್ಪ ಏಣಿಯ ಮೇಲೆ ಹಾಗೇ ಕೂತ. ಇಷ್ಟು ದಿನ ಅವಳ ಕೂಗು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದನಲ್ಲ. ಕೂಗು ಎಲ್ಲಿಗೂ ಹೋಗಿರಲಿಲ್ಲ. ಕೂಗುತ್ತಿದ್ದ ಹುಡುಗಿಯ ಕೈಯಲ್ಲಿ ಆಗಲೇ ಈ ನ್ಯಾಯಾಧೀಶೆ ಕುಂಚ ಹಿಡಿದುಕೊಂಡು ನಿಂತಿದ್ದಳು, ತಾನು ಮಲಗಿದ್ದರಿಂದ ಕಾಣಲಿಲ್ಲ ಅಷ್ಟೇ. ಬಸ್ಸಿನ ಮಾತು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವನ ಮನಸ್ಸು ಆಗಲೇ ಬೇರೆ ಕಡೆ ಓಡಿತ್ತು.

“ಎಷ್ಟು ಗೋಡೆಗೆ ಹಾಕಿದ್ದೆ?” ಎಂದು ಮೆಲ್ಲಗೆ ಕೇಳಿದ.

ನ್ಯಾಯಾಧೀಶೆ ಡಬ್ಬಿಯೊಳಗಿನ ಬಣ್ಣವನ್ನು ನೋಡುತ್ತ ಉತ್ತರ ಕೊಟ್ಟಳು.

“ಹನ್ನೊಂದು.”

ಬೋರ್ಡಪ್ಪ ನಗತೊಡಗಿದ. ಏಣಿ ಅಲ್ಲಾಡುವಷ್ಟು, ಕುಂಚದ ಬಣ್ಣ ಮಗಳ ಸೀರೆಗೆ ಸಿಡಿಯುವಷ್ಟು, ಒಳಗಿನಿಂದ ಅಳಿಯ ಹೆದರಿ ಓಡಿಬರುವಷ್ಟು ನಕ್ಕ. ಮಗಳು ಡಬ್ಬಿ ಕೆಳಗಿಟ್ಟು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಳು, ತಾನೂ ನಗುತ್ತಾ.