ಮಾವು ಕಚ್ಚದ ಗಿಣಿ

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಹನೂರು ಕಡೆಯ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಆದರೆ ಅಷ್ಟು ವರ್ಷದಲ್ಲಿ ನನ್ನದೇ ಅನ್ನುವ ಒಂದು ಚಿತ್ರ ಬರೆಯಲಿಲ್ಲ. ಬೋರ್ಡಿನ ಮೇಲೆ ಮಾವಿನಕಾಯಿ ಬರೆಯುತ್ತಿದ್ದೆ, ಮಕ್ಕಳು ನೋಡಿ ಬರೆಯುತ್ತಿದ್ದರು. ಆ ಮಾವಿನಕಾಯಿಯೂ ನನ್ನದಲ್ಲ, ನನ್ನ ಮೇಷ್ಟ್ರದು. ಅವರು ಯಾರದ್ದು ನೋಡಿ ಕಲಿತಿದ್ದರೋ ದೇವರಿಗೇ ಗೊತ್ತು. ಒಟ್ಟಿನಲ್ಲಿ ನನ್ನ ಕೈಯಲ್ಲಿ ಕಲಿತವರೆಲ್ಲ ಇವತ್ತಿಗೂ ಎಡಕ್ಕೆ ಮೂತಿ ತಿರುಗಿಸಿದ ಒಂದೇ ಥರದ ಮಾವಿನಕಾಯಿ ಬರೆಯುತ್ತಾರೆ.

ನಿವೃತ್ತನಾದ ಮೇಲೆ ಕೊಳ್ಳೇಗಾಲದಲ್ಲಿ ನೆಲೆ ನಿಂತೆ. ಎದುರುಮನೆಯಲ್ಲಿ ರೇಷ್ಮೆ ಸೀರೆ ನೇಯುವ ಪುಟ್ಟತಾಯಮ್ಮ ಇದ್ದಾರೆ. ಹೋದ ವರ್ಷ ಅವರ ಮಗಳು ಚೈತ್ರಳಿಗೆ ಮದುವೆ ಗೊತ್ತಾಯಿತು. ಜಗಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದ ನನ್ನ ಬಳಿ ಪುಟ್ಟತಾಯಮ್ಮ ಬಂದು, "ಮೇಷ್ಟ್ರೇ, ಇಪ್ಪತ್ತೈದ್ ವರ್ಸದಿಂದ ಊರೋರ್ ಮದ್ವೆಗೆಲ್ಲ ನೇಯ್ದಿವ್ನಿ. ಯಾರೋ ಕೊಟ್ಟ ಅಂಚು, ಯಾರೋ ಏಳಿದ್ ಬಣ್ಣ. ನನ್ ಮಗ್ಳು ಉಡೋ ಸೀರೆ ಅಂಚು ಯಾರ್ ಮಗ್ಗದಲ್ಲೂ ಇರಬಾರ್ದು. ನೀವೇ ಬರ್ಕೊಡಿ" ಅಂದರು.

ಚೌಕಳಿ ಹಾಳೆಯ ಮೇಲೆ ನಾನು ಅಂಚಿನ ಚಿತ್ರ ಬರೆದುಕೊಡಬೇಕು. ಅದನ್ನು ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಆ ಕಾರ್ಡನ್ನು ಮಗ್ಗಕ್ಕೆ ಏರಿಸಿದರೆ ಅಂಚು ತಾನಾಗಿ ಮೂಡುತ್ತದೆ. ಆಗ ಮಗ್ಗದ ಮೇಲಿದ್ದ ಉದ್ದೆಳೆಗಳ ಹಾಸು ಮುಗಿಯುವುದರೊಳಗೆ ಚಿತ್ರ ಬೇಕು, ಅಂದರೆ ಹದಿನೈದು ದಿನ. "ಅದೇನು ಮಹಾ" ಅಂದುಬಿಟ್ಟೆ. ಈ ಬಾಯಿ ಇದೆಯಲ್ಲ, ಇದು ಕೈಯನ್ನು ಒಂದು ಮಾತೂ ಕೇಳದೆ ಒಪ್ಪಿಕೊಳ್ಳುತ್ತದೆ.

ಒಂದು ವಾರ ಕೂತೆ. ಹಾಳೆ ಬೆಳ್ಳಗೇ ಇತ್ತು. ಬೀಳ್ಕೊಡುಗೆಯ ದಿನ ಶಾಲು, ಹಾರದ ಜೊತೆ ಕೊಟ್ಟಿದ್ದ ಒಂದು ಪುಸ್ತಕ ಆಗ ನೆನಪಾಯಿತು. ಲೋಕದ ಮಹಾ ಚಿಂತಕರೆಲ್ಲ ದಿನವನ್ನು ಹೇಗೆ ಕಳೆಯುತ್ತಿದ್ದರು ಅನ್ನುವುದು ಅದರಲ್ಲಿತ್ತು. ಸರಿ, ದೊಡ್ಡವರ ದಾರಿಯಲ್ಲೇ ಹೋಗೋಣ ಅಂದುಕೊಂಡೆ.

ಒಬ್ಬ ತತ್ತ್ವಜ್ಞಾನಿ ದಿನವೂ ಒಂದೇ ಗಳಿಗೆಗೆ ವಾಕಿಂಗ್ ಹೊರಡುತ್ತಿದ್ದನಂತೆ. ಊರವರು ಅವನನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರಂತೆ. ನಾನೂ ಸಂಜೆ ಐದಕ್ಕೆ ಸರಿಯಾಗಿ ಹೊರಟೆ. ಕೊಳ್ಳೇಗಾಲದಲ್ಲಿ ಯಾರೂ ಗಡಿಯಾರ ನೋಡಿಕೊಳ್ಳಲಿಲ್ಲ. ಮೂರನೆಯ ದಿನ ಹೂವಿನ ಅಂಗಡಿಯವನು, "ಸುಗರ್ ಎಷ್ಟದೆ ಸಾ? ಮೆಂತ್ಯ ನೆನ್ಸಿ ಕುಡೀರಿ" ಅಂದ. ಇನ್ನೊಬ್ಬ ಮಹಾನುಭಾವ ಕೈಯಲ್ಲಿ ಕಬ್ಬಿಣದ ಗುಂಡು ಹಿಡಿದು ಕುರ್ಚಿಯಲ್ಲೇ ತೂಕಡಿಸುತ್ತಿದ್ದನಂತೆ. ಗುಂಡು ಬಿದ್ದ ಸದ್ದಿಗೆ ಎಚ್ಚರವಾದಾಗ ಹೊಸ ಯೋಚನೆ ಹೊಳೆಯುತ್ತಿತ್ತಂತೆ. ನಮ್ಮ ಮನೆಯಲ್ಲಿ ಗುಂಡಿಲ್ಲ, ಹಿತ್ತಾಳೆ ಚೊಂಬು ಹಿಡಿದು ಕೂತೆ. ಚೊಂಬು ಸೀದಾ ಕಾಲ್ಬೆರಳಿನ ಮೇಲೆ ಬಿತ್ತು. ಆಗ ನನಗೆ ಹೊಳೆದದ್ದು ಒಂದೇ ಮಾತು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ಬೆರಳಿಗೆ ಅರಿಸಿನ ಹಚ್ಚುತ್ತ ನನ್ನ ಹೆಂಡತಿ, "ಅಲ್ಲಾ ಕಣ್ರೀ, ದೊಡ್ಡೋರು ಚೊಂಬು ಇಡ್ಕಂಡೇ ದೊಡ್ಡೋರಾದ್ರಾ?" ಅಂತ ಕೇಳಿದಳು. ತೊಟ್ಟಿಯಲ್ಲಿ ಮುಳುಗಿ ಸತ್ಯ ಕಂಡವನ ಪಾಠ ಇನ್ನೂ ಬಾಕಿ ಇತ್ತು, ಆದರೆ ನಮ್ಮ ಮನೆಯ ತೊಟ್ಟಿಯದು ಕುಡಿಯುವ ನೀರು.

ಹದಿನಾಲ್ಕನೆಯ ದಿನ ನಾಚಿಕೆ ಬಿಟ್ಟು ಎದುರುಮನೆಗೆ ಹೊರಟೆ. ಕೈಲಾಗಲಿಲ್ಲ, ಬೇರೆ ಯಾರ ಹತ್ತಿರವಾದರೂ ಬರೆಸಿಕೊಳ್ಳಿ ಅಂತ ಹೇಳಿಬಿಡುವುದೆಂದು ಮಾತು ಜೋಡಿಸಿಕೊಂಡಿದ್ದೆ. ಹೆಜ್ಜೆ ಮಾತ್ರ ಏಳುತ್ತಿರಲಿಲ್ಲ. ಒಬ್ಬ ತಾಯಿ ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ ತನಗಾಗಿ ಏನೋ ಒಂದು ಕೇಳಿದ್ದಳು, ಅದೂ ನನ್ನನ್ನು ನಂಬಿ.

ಪುಟ್ಟತಾಯಮ್ಮ ಮಗ್ಗದ ಹಿಂದೆ ಕೂತು ಕೆಚ್ಚುತ್ತಿದ್ದರು. ಹಳೆಯ ಹಾಸು ಮುಗಿದಾಗ ಅದರ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಬೆರಳಲ್ಲಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಅನ್ನುತ್ತಾರೆ. ಸಾವಿರಾರು ಎಳೆ. ಹೇಳಲು ಬಂದ ಮಾತನ್ನು ಮುಂದೂಡಲಿಕ್ಕೆ, "ಹಳೆಯದನ್ನು ಪೂರ್ತಿ ತೆಗೆದುಹಾಕಿದರೆ ಆಗುವುದಿಲ್ಲವೇ?" ಅಂದೆ.

"ಅಯ್ಯೋ, ಅಳೇದ್ನ ಕಿತ್ತಾಕ್ಬುಟ್ರೆ ಎಲ್ಲಾ ಎಳೆನೂ ಮೊದ್ಲಿಂದ ಪೋಣಿಸ್ಬೇಕು ಮೇಷ್ಟ್ರೇ, ದಿನಗಟ್ಲೆ ಇಡೀತದೆ. ಅಳೇದು ದಾರಿ ತೋರ್ಸ್ತದೆ, ವಸ್ದು ಅದ್ರ ಇಂದೆ ಬತ್ತದೆ. ಆಮೇಲೆ ಸೀರೆ ನೇಯದೆಲ್ಲ ವಸ್ದ್ರಲ್ಲೇಯ. ನಮ್ಮತ್ತೆ ಕೆಚ್ಚಿದ್ಕೆ ನಾನ್ ಕೆಚ್ದೆ, ಅವ್ರು ಅವ್ರತ್ತೆದಕ್ಕೆ." ಬೆರಳು ನಿಲ್ಲಿಸದೆ ಕೇಳಿದರು: "ಚಿತ್ರ ಆಯ್ತಾ?"

"ನಾಳೆ ಬೆಳಿಗ್ಗೆ" ಅಂದೆ. ಮತ್ತೆ ಅದೇ ಬಾಯಿ.

ಮನೆಗೆ ಬಂದು ಆ ಪುಸ್ತಕವನ್ನು ಇನ್ನೊಮ್ಮೆ ತೆರೆದೆ. ತೊಟ್ಟಿಗೆ ಇಳಿದವನ ತಲೆಯಲ್ಲಿ ಇಳಿಯುವ ಮೊದಲೇ ಒಂದು ಕಿರೀಟದ ಪ್ರಶ್ನೆ ಕೊರೆಯುತ್ತಿತ್ತು. ಸೇಬು ಬಿದ್ದದ್ದನ್ನು ಕಂಡವನು ಹಿಂದಿನವರ ಲೆಕ್ಕಗಳನ್ನೆಲ್ಲ ಅರೆದು ಕುಡಿದಿದ್ದ. ಅವರೆಲ್ಲ ಯಾರದೋ ತುದಿ ಹಿಡಿದುಕೊಂಡು, ಇಲ್ಲಿ ಯಾಕೆ ಹೀಗೆ ಅಂತ ಕೇಳಿದ್ದರು. ನಾನೋ, ಅವರ ಚೊಂಬನ್ನಷ್ಟೇ ಹಿಡಿದಿದ್ದೆ. ಬಿಳಿ ಹಾಳೆಯಿಂದಲೇ ಶುರುಮಾಡಬೇಕು ಅನ್ನುವ ಹಟ ಬೇರೆ.

ನಾಚಿಕೆಪಡದೆ ನನ್ನ ಮೇಷ್ಟ್ರ ಮಾವಿನಕಾಯಿ ಬರೆದೆ, ಎಡಕ್ಕೆ ಮೂತಿ ತಿರುಗಿಸಿದ್ದೇ. ಹೆಂಡತಿಯ ಮದುವೆ ಸೀರೆ ತೆಗೆಸಿ, ಅದರ ಅಂಚಿನ ಗಿಣಿಯನ್ನು ಪಕ್ಕದಲ್ಲಿ ಕೂರಿಸಿದೆ. ಗಿಣಿ, ಮಾವು, ಗಿಣಿ, ಮಾವು. ನೋಡುತ್ತ ನೋಡುತ್ತ ನಗು ಬಂತು. ಅದೆಷ್ಟು ತಲೆಮಾರಿನಿಂದ ಈ ಗಿಣಿ ಸೀರೆಯ ಅಂಚಿನಲ್ಲಿ ಮಾವಿನ ಪಕ್ಕದಲ್ಲೇ ಕೂತಿದೆ, ಒಂದು ಸಲವಾದರೂ ಕಚ್ಚಿದೆಯೇ? ಯಳಂದೂರು ತಾಲೂಕಿನ ಅಗರ ನನ್ನ ಹುಟ್ಟೂರು. ನಮ್ಮ ಹೊಲದ ಮಾವಿನ ಮರದಲ್ಲಿ ಗಿಣಿ ಮುಟ್ಟದ ಹಣ್ಣು ಸಿಗುವುದೇ ಕಷ್ಟವಾಗಿತ್ತು. ಅವ್ವ ಗಿಣಿ ಕಚ್ಚಿದ ಹಣ್ಣನ್ನೇ ಹುಡುಕಿ, ಕಚ್ಚಿದ ಜಾಗ ಕೊಯ್ದು ತೆಗೆದು ನನಗೆ ಕೊಡುತ್ತಿದ್ದಳು: "ತಿನ್ನು ಕಣ್ಲಾ, ಗಿಣಿಗೆ ಸೀ ಯಾವ್ದು ಅಂತ ಗೊತ್ತು." ಅವ್ವ ನೆನಪಾಗಿ ಕಣ್ಣು ಮಂಜಾಯಿತು. ರಬ್ಬರ್ ತಗೊಂಡು ಮಾವಿನ ಹೆಗಲಲ್ಲಿ ಒಂದು ಕಚ್ಚಿನಷ್ಟು ಅಳಿಸಿದೆ. ಗಿಣಿಯ ಕೊಕ್ಕನ್ನು ಸ್ವಲ್ಪ ತೆರೆದೆ. ಅಷ್ಟೇ.

ಬೆಳಿಗ್ಗೆ ಹಾಳೆ ನೋಡಿದ ಪುಟ್ಟತಾಯಮ್ಮನ ಮುಖ ಇಳಿದುಹೋಯಿತು. "ಮದ್ವೆ ಸೀರೆಗೆ ಎಂಜಲು ಮಾವಿನ್ಕಾಯಾ ಮೇಷ್ಟ್ರೇ? ಬೀಗ್ರು ಏನಂದಾರು?" ಹೌದಲ್ಲ, ಇದು ನನಗೆ ತೋಚಿರಲಿಲ್ಲ. ಹಾಳೆ ವಾಪಸು ತೆಗೆದುಕೊಳ್ಳಲು ಕೈ ಚಾಚಿದೆ. ಅಷ್ಟರಲ್ಲಿ ಒಳಗಿನಿಂದ ಬಂದ ಚೈತ್ರ ಅದನ್ನು ಎಳೆದುಕೊಂಡು ನೋಡಿ ಗೊಳ್ಳನೆ ನಕ್ಕಳು.

"ಅವ್ವಾ, ಗಿಣಿ ಕಚ್ಚಿದ್ದೇ ಸೀ ಅಂತ ನೀನೂ ಅಂತಿದ್ದೆ ತಾನೇ? ಉಡೋಳು ನಾನು. ಇದೇ ಇರ್ಲಿ."

ಪುಟ್ಟತಾಯಮ್ಮ ಮಗಳನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದರು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆಗ್ಲಿ ಬುಡು" ಅಂದರು.

ಮದುವೆಯಲ್ಲಿ ನಾನು ಮದುಮಗಳ ಮುಖ ನೋಡಿದ್ದಕ್ಕಿಂತ ಅಂಚು ನೋಡಿದ್ದೇ ಹೆಚ್ಚು. ಬೀಗರ ಕಡೆಯ ಅಜ್ಜಿಯೊಬ್ಬರು ಅಂಚನ್ನು ಬೆರಳಲ್ಲಿ ಸವರಿ, "ಒಳ್ಳೇ ಸೀರೆ, ಪಾಪ, ಮಾವಿನಕಾಯೆಲ್ಲ ಡ್ಯಾಮೇಜು" ಅಂದರು. ಪುಟ್ಟತಾಯಮ್ಮ ನನ್ನ ಕಡೆ ನೋಡಿ ನಕ್ಕರು. ಆ ನಗು ಕಂಡ ಮೇಲೆ ಪಾಯಸ ಎರಡು ಸಲ ಹಾಕಿಸಿಕೊಂಡೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮೊನ್ನೆ ಹೆಂಡತಿಯ ಜೊತೆ ಸೀರೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಹರವಿದ ಸೀರೆಯ ಅಂಚಿನಲ್ಲಿ ನನ್ನ ಗಿಣಿ! ಅದೇ ಕಚ್ಚು, ಅದೇ ಎಡಮೂತಿ. ಮೈ ಉರಿದುಹೋಯಿತು. ಜೀವಮಾನದಲ್ಲಿ ಮಾಡಿದ್ದು ಒಂದೇ ಒಂದು, ಅದನ್ನೂ ಕದ್ದರಲ್ಲ! ಸೀರೆಯನ್ನು ಹೆಂಡತಿಗೇ ಕೊಡಿಸಿ, ಸಾಕ್ಷಿಗೆಂದು ಎದುರುಮನೆಗೆ ಹೊತ್ತೊಯ್ದೆ. ಪುಟ್ಟತಾಯಮ್ಮ ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದರು.

"ಕದ್ದಿಲ್ಲ ಕಣಿ ಮೇಷ್ಟ್ರೇ, ಕೆಚ್ಚವ್ರೆ. ಕೆಳಗ್ ನೋಡಿ."

ಕನ್ನಡಕ ಏರಿಸಿ ನೋಡಿದೆ. ಪ್ರತಿ ಮಾವಿನ ಕೆಳಗೂ ಒಂದು ಪುಟ್ಟ ಅಳಿಲು, ಗಿಣಿ ಉದುರಿಸಿದ್ದಕ್ಕೆ ಬಾಯಿ ತೆರೆದು ಕಾಯುತ್ತಿದೆ. ಅಗರದ ನಮ್ಮ ಮರದ ತುಂಬ ಅಳಿಲುಗಳಿದ್ದವು. ಸಿಟ್ಟೆಲ್ಲ ಆಗಲೇ ಇಳಿದುಹೋಯಿತು. ಆದರೆ ಆ ಅಳಿಲು ನನಗೆ ಯಾಕೆ ಹೊಳೆಯಲಿಲ್ಲ ಅನ್ನುವ ಹೊಟ್ಟೆಕಿಚ್ಚು ಮಾತ್ರ ಇನ್ನೂ ಇಳಿದಿಲ್ಲ. ಮೊನ್ನೆಯಿಂದ ಚೌಕಳಿ ಹಾಳೆ ಮುಂದಿಟ್ಟುಕೊಂಡು ಆ ಅಳಿಲನ್ನೇ ಬರೆಯುತ್ತಿದ್ದೇನೆ.