ಕೆಂಪು ಬಂಡೆಯ ಕೆಳಗೆ ಒಲೆ ಹೂಡಿದ ದಿನ

1957ರ ಫೆಬ್ರವರಿ. ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ತಿಂಗಳಾಗಿತ್ತು. ಬೀದರಿನ ಹೊರಗೆ, ಗುಡ್ಡದ ಅಂಚಿನಲ್ಲಿದ್ದ ಸರ್ಕಾರಿ ಮುಸಾಫಿರ್ ಬಂಗಲೆಗೆ ನಾನು ಉಸ್ತುವಾರಿಯಾಗಿದ್ದೆ. ನಾಲ್ಕು ಕೋಣೆ, ಒಬ್ಬ ಅಡುಗೆಯವ. ಬಂದವರಿಗೆ ಊಟ, ಹಾಸಿಗೆಯ ವ್ಯವಸ್ಥೆ ಮಾಡುವುದಲ್ಲದೆ ಸುತ್ತಲಿನ ಜಾಗಗಳನ್ನು ನಡೆಸಿಕೊಂಡು ಹೋಗಿ ತೋರಿಸುವುದೂ ನನ್ನ ಕೆಲಸ. ನನ್ನ ಊರು ಭಾಲ್ಕಿ ತಾಲ್ಲೂಕಿನ ಹಲಬರ್ಗಾ. ಮನೆಮಾತು ಕನ್ನಡ, ಆದರೆ ನಿಜಾಮರ ಕಾಲದಲ್ಲಿ ಓದಿದವನಾದ್ದರಿಂದ ಕಲಿತದ್ದೆಲ್ಲ ಉರ್ದುವಿನಲ್ಲಿ. ಬಂಗಲೆಯ ರಿಜಿಸ್ಟರನ್ನು ಕನ್ನಡದಲ್ಲಿ ಬರೆಯಬೇಕೆಂದು ಹೊಸ ಆದೇಶ ಬಂದ ಮೇಲೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುತ್ತಿದ್ದೆ.

ಆ ವಾರ ತುಮಕೂರಿನ ಕಡೆಯಿಂದ ನರಸಿಂಹಯ್ಯ ಎಂಬ ಕನ್ನಡ ಪಂಡಿತರು ಹೆಂಡತಿ ಸಾವಿತ್ರಮ್ಮನವರೊಂದಿಗೆ ಬಂದಿಳಿದರು. ನಮ್ಮ ಶಾಲೆಗಳ ಮೇಷ್ಟ್ರುಗಳಿಗೆ ಕನ್ನಡ ಪಾಠ ಹೇಳುವ ಕೆಲಸಕ್ಕೆ ಅವರನ್ನು ಕಳಿಸಿದ್ದರು. ಕೆಲಸ ಶುರುವಾಗಲು ಇನ್ನೂ ನಾಲ್ಕು ದಿನವಿತ್ತು. ‘ಇದೂ ಈಗ ನಮ್ಮ ನಾಡೇ ಅಲ್ಲವೇನಪ್ಪ, ಎಲ್ಲ ತೋರಿಸು’ ಎಂದರು ಸಾವಿತ್ರಮ್ಮ. ಅವರಿಗೆ ಐವತ್ತರ ಹತ್ತಿರ ವಯಸ್ಸು. ಗಂಡನಿಗಿಂತ ಮುಂದೆ ಮುಂದೆ ನಡೆಯುತ್ತಿದ್ದರು. ಮೊದಲ ದಿನ ಅಷ್ಟೂರಿನ ಗೋರಿಗಳಿಗೆ ಹೋದೆವು. ದೊಡ್ಡ ಗುಮ್ಮಟದೊಳಗಿನ ಬಣ್ಣದ ಚಿತ್ತಾರ ನೋಡುತ್ತ ಕತ್ತು ನೋಯುವವರೆಗೆ ನಿಂತರು.

ಎರಡನೆಯ ದಿನ ಗುಡ್ಡದ ಅಂಚು ಹಿಡಿದು ಒಂದೂವರೆ ಮೈಲು ನಡೆದು, ಝರಿಯ ದಾರಿಗೆ ಬಂದೆವು. ಅಲ್ಲಿ ಕೆಂಪು ಕಲ್ಲಿನ ಬಂಡೆಯೊಂದು ಸೂರಿನಂತೆ ಚಾಚಿಕೊಂಡು ಒಳ್ಳೆಯ ನೆರಳು ಕೊಡುತ್ತಿತ್ತು. ದಂಪತಿಗಳು ಕೂತರು. ಸಾವಿತ್ರಮ್ಮ ಚೀಲದಿಂದ ಚಿಕ್ಕ ಪಾತ್ರೆ, ಕಾಫಿಪುಡಿಯ ಡಬ್ಬಿ ತೆಗೆದರು.

‘ನೀನು ನಮ್ಮ ಕಡೆಯ ಕಾಫಿ ಕುಡಿದೇ ಇಲ್ಲ ಅಂದೆಯಲ್ಲ, ಇವತ್ತು ಕುಡಿಸ್ತೀನಿ. ನೀರು ತಗೊಂಡು ಬಾ.’

ಆಗಲೇ ಕುರಿ ಕಾಯುವ ಬೀರಮ್ಮ ತನ್ನ ಮಂದೆಯ ಹಿಂದೆ ಆ ದಾರಿಯಲ್ಲಿ ಹಾಯ್ದಳು. ನಮ್ಮನ್ನು ನೋಡಿ, ನಡೆಯುತ್ತಲೇ ಕೂಗಿ ಹೇಳಿದಳು: ‘ಅಲ್ಲಿ ಕೂಡಬ್ಯಾಡ್ರಿ ಯಪ್ಪಾ, ಹುಳ ಅವ್ರಿ!’

‘ಆಗಲಮ್ಮ, ನೋಡ್ಕೋತೀವಿ’ ಎಂದು ಪಂಡಿತರು ತಲೆಯಾಡಿಸಿದರು.

ನಮ್ಮ ಕಡೆ ಹುಳ ಎಂದರೆ ಜೇನುಹುಳ. ಬಂಡೆಯ ನೆತ್ತಿಗೆ ಹೆಜ್ಜೇನು ಕಟ್ಟಿದೆ ಎಂದು ಆಕೆ ಹೇಳಿದ್ದಳು; ಕೆಳಗೆ ಕೂತವರಿಗೆ ಅದು ಕಾಣುವಂತಿರಲಿಲ್ಲ. ನನಗೆ ಮಾತು ತಿಳಿಯಿತು. ಪಂಡಿತರಿಗೂ ತಿಳಿದಿದೆ ಎಂದುಕೊಂಡೆ. ಒಂದು ಕ್ಷಣ ಬಿಡಿಸಿ ಹೇಳಲೇ ಎನಿಸಿದ್ದು ನಿಜ. ಕನ್ನಡ ಕಲಿಸಲು ಬಂದವರಿಗೆ ಉರ್ದು ಓದಿದ ನಾನು ಕನ್ನಡದ ಅರ್ಥ ಹೇಳುವುದೇ ಎಂದು ನಾಚಿಕೆಯಾಯಿತು. ನೀರು ತಂದ ಮೇಲೆ ಬೇರೆ ಕಡೆ ಒಲೆ ಹೂಡೋಣ ಎಂದರಾಯಿತು ಎಂದುಕೊಂಡು, ಬಂಗಲೆಯಿಂದ ತಂದಿದ್ದ ಚಿಕ್ಕ ಕೊಡ ಹಿಡಿದು ಝರಿಗೆ ಇಳಿದೆ.

ಕೊಡ ತುಂಬುವಷ್ಟರಲ್ಲಿ ಮೇಲಿನಿಂದ ಗಾಡಿ ಉರುಳಿದಂಥ ಸದ್ದು ಬಂತು. ಆಮೇಲೆ ಕೂಗು. ಓಡಿ ಹತ್ತಿದೆ. ಮೂರು ಕಲ್ಲಿನ ನಡುವೆ ಹಸಿ ಕಟ್ಟಿಗೆ ಹೊಗೆಯಾಡುತ್ತಿತ್ತು. ಪಂಡಿತರು ಮುಖ ಮುಚ್ಚಿಕೊಂಡು ದಾರಿಯತ್ತ ಓಡಿ ಬಿದ್ದಿದ್ದರು. ಸಾವಿತ್ರಮ್ಮ ಬಂಡೆಯ ಬುಡದಲ್ಲೇ ಕುಸಿದಿದ್ದರು, ಅವರ ಸೀರೆಯ ಬಣ್ಣ ಕಾಣದಷ್ಟು ಹುಳ. ನಾನು ಎರಡು ಹೆಜ್ಜೆ ಮುಂದಿಟ್ಟು, ಮುಖಕ್ಕೆ ಕಚ್ಚಿಸಿಕೊಂಡು ಹಿಂದೆ ಸರಿದೆ. ಕೂಗು ಕೇಳಿ ಮಂದೆ ಬಿಟ್ಟು ಓಡಿ ಬಂದಿದ್ದ ಬೀರಮ್ಮ ಸರಿಯಲಿಲ್ಲ. ಕಂಬಳಿ ಹೊದ್ದು ಒಳಗೆ ನುಗ್ಗಿ, ಅದೇ ಕಂಬಳಿಯನ್ನು ಸಾವಿತ್ರಮ್ಮನ ಮೇಲೆ ಹಾಕಿ, ಎಳೆದುಕೊಂಡು ಬಂದಳು.

ಎತ್ತಿನ ಗಾಡಿಯಲ್ಲಿ ಬೀದರಿನ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಸೂಜಿ ಮೇಲೆ ಸೂಜಿ ಕೊಟ್ಟರು. ವಿಷ ಮೈಗೆಲ್ಲ ಏರಿದೆ, ಉಸಿರಿನ ದಾರಿ ಬಾತಿದೆ ಎಂದರು. ಸಂಜೆ ದೀಪ ಹಚ್ಚುವ ಮೊದಲೇ ಸಾವಿತ್ರಮ್ಮ ತೀರಿಕೊಂಡರು.

ಮರುದಿನ ಅಂತ್ಯಕ್ರಿಯೆ ಮುಗಿದ ಮೇಲೆ ಪಂಡಿತರು ಬಂಗಲೆಯ ವರಾಂಡದಲ್ಲಿ ಕೂತರು. ಮುಖ ಬಾತು ಕಣ್ಣು ಸಣ್ಣಗೆ ಕಾಣುತ್ತಿದ್ದವು.

‘ಆ ಹೆಂಗಸು ಹುಳ ಅಂದಳಲ್ಲ, ಏನಪ್ಪ ಹಾಗಂದರೆ?’

ಗೊತ್ತಿಲ್ಲ ಎನ್ನಬಹುದಿತ್ತು. ಕೇಳಿಸಲಿಲ್ಲ ಎನ್ನಬಹುದಿತ್ತು. ನನ್ನ ನೌಕರಿಯೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

‘ಜೇನ್ರಿ ಸಾಹೇಬ್ರ. ನನಗ ತಿಳಿದಿತ್ತು. ನಿಮಗೂ ತಿಳೀತು ಅಂದ್ಕೊಂಡ ಸುಮ್ಮನಾದೆ. ತಪ್ಪು ನಂದೇರಿ.’

‘ಇರುವೆಯೋ ಚೇಳೋ ಇರಬೇಕು ಅಂದುಕೊಂಡೆ’ ಎಂದರು ಪಂಡಿತರು. ‘ಹೊಗೆ ಹಾಕಿದರೆ ಹೋಗ್ತವೆ, ನೀರು ಬರೋದರೊಳಗೆ ಒಲೆ ಹಚ್ಚು ಅಂತ ಅವಳಿಗೆ ನಾನೇ ಹೇಳಿದೆ. ಮೂವತ್ತು ವರ್ಷ ಕನ್ನಡ ಹೇಳಿಕೊಟ್ಟವನು, ಹಾಗಂದರೇನಮ್ಮ ಅಂತ ಒಂದು ಮಾತು ಕೇಳಲಿಲ್ಲ.’ ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಕಳೆದು ಬಸ್ಸು ಹತ್ತಿ ಊರಿಗೆ ಹೋದರು, ಬೀದರಿಗೆ ಮತ್ತೆ ಬರಲಿಲ್ಲ.

ಬೀರಮ್ಮ ಒಂದು ವಾರ ಜ್ವರದಲ್ಲಿ ಮಲಗಿದ್ದಳು. ನೋಡಲು ಹೋದೆ. ಆಕೆಗೆ ಯಾರೂ ಸುದ್ದಿ ಹೇಳಿರಲಿಲ್ಲ.

‘ಆ ಅವ್ವ ಹ್ಯಾಂಗ ಅದಾಳೋ ತಮ್ಮಾ?’

ಹೇಳಿದೆ. ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು. ‘ನಿಂತು ಹೇಳಬೇಕಿತ್ತೋ ನಾ. ಕುರಿ ಮುಂದ ಹೋಗ್ಲತ್ತಿದ್ವು ಅಂತ ಓಡಿದೆ.’

ಆ ತಾಯಿಯನ್ನು ಉಳಿಸಲು ಕಂಬಳಿ ಹೊದ್ದು ನುಗ್ಗಿದವಳೂ ತಪ್ಪು ತನ್ನದೇ ಅಂದಳು. ಆಕೆಯ ಗುಡಿಸಲ ಮುಂದೆ ಕೂತು ನಾನು ಅವತ್ತು ಅತ್ತೆ.

ಆಮೇಲೆ ಔರಾದದಲ್ಲಿ, ಬೇರೆ ಊರುಗಳಲ್ಲಿ, ನಿವೃತ್ತಿಯಾಗುವವರೆಗೂ ಇದೇ ಕೆಲಸ ಮಾಡಿದೆ. ಅತಿಥಿಗಳು ಬೆಟ್ಟ, ಕೆರೆ, ಕೋಟೆ ನೋಡಲು ಹೊರಟಾಗ ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಬೆಂಕಿ ಹಚ್ಚಬಾರದು ಎಂದು ಎರಡು ಸಲ ಹೇಳುತ್ತಿದ್ದೆ. ತಲೆಯಾಡಿಸಿದರೆ ಬಿಡುತ್ತಿರಲಿಲ್ಲ, ನಾನು ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸುತ್ತಿದ್ದೆ. ಎಷ್ಟೋ ಜನ ನಕ್ಕರು. ಒಬ್ಬ ದೊಡ್ಡ ಅಧಿಕಾರಿ ಸಿಟ್ಟಾಗಿ, ‘ನಾನೇನು ಸಣ್ಣ ಮಗುವೇನ್ರಿ?’ ಎಂದರು.

‘ಅಲ್ರಿ ಸಾಹೇಬ್ರ,’ ಎಂದೆ, ‘ಆದ್ರೂ ಒಮ್ಮೆ ಹೇಳ್ರಿ.’

ಅವರು ಹೇಳಿದ ಮೇಲೆಯೇ ಗೇಟು ತೆಗೆದೆ.