ಎದುರು ಕುಳಿತು ಕಲಿತ ಹೆಣಿಗೆ

ನಿಪ್ಪಾಣಿಯ ಬಸ್ಸು ಹುಬ್ಬಳ್ಳಿಯಿಂದ ಬೆಳಿಗ್ಗೆ ಆರೂವರೆಗೆ ಹೊರಟಿತು. ಡಿಸೆಂಬರ್ ತಿಂಗಳು. ಧಾರವಾಡ ದಾಟುವವರೆಗೆ ಯಾರೂ ಕಿಟಕಿ ತೆರೆಯಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಶೂನ್ಯ ದರದ ಟಿಕೆಟ್ ಕೊಟ್ಟರು. ತೊಡೆಯ ಮೇಲಿನ ಚೀಲದಲ್ಲಿ ತೊಗಲು ಕೊಯ್ಯುವ ರಂಪಿಗೆ, ಎರಡು ದಬ್ಬಣ, ಮೇಣ ಸವರಿದ ದಾರ ಮತ್ತು ನಾನೇ ಹೆಣೆದ ಹನ್ನೊಂದು ಚಪ್ಪಲಿ ಪಟ್ಟಿಗಳಿದ್ದವು. ಹನ್ನೊಂದರಲ್ಲಿ ಎರಡು ಒಂದೇ ತೆರನಾಗಿರಲಿಲ್ಲ. ಹಾಗಾಗಿ ಒಂದು ಜೋಡಿ ಚಪ್ಪಲಿಯೂ ಆಗಿರಲಿಲ್ಲ.

ಮೂವತ್ತೊಂದು ವರ್ಷ ಪತ್ರಿಕೆಯ ಸುದ್ದಿಮೇಜಿನಲ್ಲಿ ಕುಳಿತು ಬೇರೆಯವರ ವಾಕ್ಯ ತಿದ್ದಿದ್ದೇನೆ. ನಿವೃತ್ತಿಯಾದ ಮೇಲೆ ಕನ್ನಡಕಕ್ಕೆ ಚರ್ಮದ ಒರೆಯೊಂದನ್ನು ಹೊಲಿದೆ. ಹೊಲಿಗೆ ವಕ್ರವಾಗಿತ್ತು. ಆದರೂ ಮರುದಿನ ಬೆಳಿಗ್ಗೆ ಅದು ಹಳೆಯದಾಗಿರಲಿಲ್ಲ. ನಾನು ಮಾಡಿದ ಕೆಲಸದ ಬಗ್ಗೆ ಹಾಗೆ ಅನ್ನಿಸಿದ್ದು ಅದೇ ಮೊದಲು. ಆಮೇಲೆ ನಮ್ಮ ಭಾಗದ ಚರ್ಮಕೆಲಸದ ಹವ್ಯಾಸಿಗಳ ವಾಟ್ಸ್‌ಆ್ಯಪ್ ಗುಂಪು ಸೇರಿದೆ. ಹದಿನಾಲ್ಕು ಜನ. ಒಬ್ಬರು ಹಲ್ಲಿನ ಡಾಕ್ಟರು, ಒಬ್ಬರು ರೈಲ್ವೆ ಗಾರ್ಡು. ಎಲ್ಲರೂ ಬೆಲ್ಟು, ಪರ್ಸು ಮಾಡುತ್ತಿದ್ದೆವು. ಎಲ್ಲರಿಗೂ ಆಸೆ ಇದ್ದದ್ದು ಅಥಣಿ ಚಪ್ಪಲಿಯ ಐದೆಳೆ ಹೆಣಿಗೆಯ ಮೇಲೆ. ಗುಂಪಿನ ಸದಾಶಿವ ಮಾಸ್ತರರು ಅಥಣಿಯ ರತ್ನವ್ವ ಎಂಬವರು ಹೆಣೆಯುವುದನ್ನು ಎದುರಿನಿಂದ ಚಿತ್ರೀಕರಿಸಿ ಹಾಕಿದ್ದರು. ಎಂಟು ತಿಂಗಳು ಅದನ್ನೇ ನೋಡಿ ಕಲಿತೆ. ಒಂದು ದಿನ ರತ್ನವ್ವನ ಓಣಿಯ ಹೆಂಗಸರ ಸಾಲಿನಲ್ಲಿ ಕುಳಿತು ಹೆಣೆಯಬೇಕು, ಆಕೆ ನೋಡಿ ‘ಅಡ್ಡಿಯಿಲ್ಲ’ ಅನ್ನಬೇಕು. ಅಷ್ಟಕ್ಕಾಗಿ ಹೊರಟಿದ್ದೆ.

ನಿಪ್ಪಾಣಿ ತಲುಪಿದಾಗ ಹತ್ತೂಮುಕ್ಕಾಲು. ಬಸ್ಸಿನಿಂದ ಇಳಿಯುವ ಮೊದಲೇ ತಂಬಾಕಿನ ಘಾಟು ಮೂಗಿಗೆ ಬಂತು. ಅಲ್ಲಿನ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವ ಸದಾಶಿವ ಮಾಸ್ತರರು ನಿಲ್ದಾಣಕ್ಕೆ ಬಂದಿದ್ದರು. ಜೊತೆಗೆ ಅಥಣಿಗೆ ಬರುವವರಿದ್ದರು, ಆದರೆ ರಜೆ ಸಿಕ್ಕಿರಲಿಲ್ಲ. ಅರವತ್ತು ರೂಪಾಯಿಯ ಮಿಸಳ ತಿನ್ನುತ್ತ ಒಂದೇ ಬುದ್ಧಿಮಾತು ಹೇಳಿದರು.

“ರತ್ನವ್ವಗ ಹೋದ ಕೂಡ್ಲೇ ಹೆಣಿಗಿ ತೋರಸಬ್ಯಾಡ್ರಿ ಮೇಡಮ್. ಮದಲ ಚಾ ಕುಡೀರಿ.”

“ಯಾಕ್ರಿ?”

“ಮದಲ ತೋರಸಿದ್ರ ಚಾನೂ ಸಿಗಾಂಗಿಲ್ಲ.”

ಚಿಕ್ಕೋಡಿ ಅಲ್ಲಿಂದ ಇಪ್ಪತ್ತೈದು ಕಿಲೊಮೀಟರ್. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿ ಬಸ್ಸಿಗೆ ಒಂದು ತಾಸು ಹಿಡಿಯಿತು. ಆ ದಿನ ಉಳಿದದ್ದು ಗುಂಪಿನ ಇನ್ನೊಬ್ಬ ಸದಸ್ಯ ಅಜಿತರ ಮನೆಯಲ್ಲಿ. ಪಾತ್ರೆ ಅಂಗಡಿಯ ಜೈನ ಕುಟುಂಬ. ಅಜಿತ ಚರ್ಮ ಮುಟ್ಟುವುದಿಲ್ಲ. ನಮ್ಮದೇ ಸೂಜಿ, ನಮ್ಮದೇ ಹೊಲಿಗೆ, ಆದರೆ ದಪ್ಪ ಕ್ಯಾನ್ವಾಸಿನ ಮೇಲೆ. ಅವರ ತಾಯಿ ನನ್ನ ಚೀಲ ನೋಡಿ, “ಅದು ಕಟ್ಟಿ ಮ್ಯಾಲ ಇರಲಿ ಬಾಯಿ, ನೀವ ಒಳಗ ಬರ್ರಿ” ಎಂದರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಿತು. ರೊಟ್ಟಿ, ಮಡಕಿಕಾಳಿನ ಪಲ್ಯ, ಮಜ್ಜಿಗೆ. ಆಮೇಲೆ ಅಜಿತ ಕಟ್ಟೆಗೆ ಬಂದು, ನಾನು ಸಾಲಾಗಿ ಹರಡಿದ ಪಟ್ಟಿಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು.

“ಆ ನಾಕನೇದು ತಿರುವಿ ಹಾಕ್ರಿ” ಎಂದರು. ಹಾಕಿದೆ. ಬಹಳ ಹೊತ್ತು ನೋಡಿದರು. “ಮೆತ್ತಗೈತೇನ್ರಿ ಅದು, ಬಿರುಸೈತೇನು?”

ಸ್ವಲ್ಪ ಬಿರುಸು ಎಂದೆ. ತಲೆಯಾಡಿಸಿ ಒಳಗೆ ಹೋದರು.

ಎರಡನೆಯ ದಿನ ಚಿಕ್ಕೋಡಿಯಿಂದ ರಾಯಬಾಗ, ಅಲ್ಲಿ ಬಸ್ಸು ಬದಲಿಸಿ ಅಥಣಿ. ರಾಯಬಾಗದ ನಿಲ್ದಾಣದಲ್ಲಿ ನಲವತ್ತು ನಿಮಿಷ ಕಾದೆ. ಪಕ್ಕದಲ್ಲಿ ಮುಗಳಖೋಡದ ಮುದುಕರೊಬ್ಬರು ಕುಳಿತಿದ್ದರು. ಅವರ ಕಾಲಿನ ಚಪ್ಪಲಿಯ ಅಟ್ಟೆ ಸವೆದು ಹಾಳೆಯಂತಾಗಿತ್ತು, ಹೆಣಿಗೆ ಮಾತ್ರ ಎಳೆಯೂ ಸಡಿಲವಾಗದೆ ಉಳಿದಿತ್ತು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ಕೊಡಾಂಗಿಲ್ರಿ” ಎಂದರು, ನಗದೆ. ಕೃಷ್ಣೆಯ ಸೇತುವೆ ದಾಟುವಾಗ ನೀರು ಒಂದು ಬದಿಗೆ ಸರಿದಿತ್ತು. ಅಥಣಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ.

ಚಪ್ಪಲಿ ಮಾಡುವವರ ಓಣಿಯನ್ನು ಯಾರನ್ನೂ ಕೇಳಬೇಕಾಗಲಿಲ್ಲ. ಜಾಲಿ ತೊಗಟೆಯಲ್ಲಿ ಹದಮಾಡಿದ ತೊಗಲಿನ ಒಗರು ವಾಸನೆಯೇ ದಾರಿ ತೋರಿಸಿತು. ಗಂಡಸರು ಒಳಗೆ ಅಟ್ಟೆ ಕೊಯ್ಯುತ್ತಿದ್ದರು. ಹೊರಗೆ ಕಟ್ಟೆಯ ಮೇಲೆ ಐದು ಹೆಂಗಸರು ಹೆಗಲಿಗೆ ಹೆಗಲು ತಾಗಿಸಿ ಒಂದೇ ಸಾಲಿನಲ್ಲಿ ಕುಳಿತಿದ್ದರು. ಹಸಿ ಎಳೆಗಳ ತುದಿ ಕಾಲಿನ ಹೆಬ್ಬೆರಳಿಗೆ, ಕೈ ಹೆಣಿಗೆಯ ಮೇಲೆ, ಮಾತು ಬೇರೆಲ್ಲೋ. ನಡುವೆ ರತ್ನವ್ವ. ವಯಸ್ಸು ಅರವತ್ತು ದಾಟಿದೆ. ವಿಡಿಯೊದಲ್ಲಿ ಕೈ ಮಾತ್ರ ನೋಡಿದ್ದೆ, ಮುಖ ನೋಡಿದ್ದು ಆಗಲೇ.

ಚಹಾ ಕುಡಿದ ಮೇಲೆಯೇ ಪಟ್ಟಿ ತೋರಿಸಿದೆ. ರತ್ನವ್ವ ಒಂದನ್ನು ಎತ್ತಿ ನೋಡಿ ಸೊಸೆ ಶೋಭಾಳ ಕಡೆ ಹಿಡಿದರು. ಶೋಭಾ ಸೆರಗು ಬಾಯಿಗೆ ಒತ್ತಿಕೊಂಡಳು.

“ಅತ್ತಿ, ನಿಮ್ಮ ಶಿಷ್ಯಾರು ಉಲ್ಟಾ ಹೊಂಟಾರಲ್ಲ.”

“ಯಾರು ಕಲಿಸಿದ್ರಿ ಬಾಯಿ ನಿಮಗ?” ಎಂದರು ರತ್ನವ್ವ.

“ನೀವ. ಫೋನಿನ್ಯಾಗ.”

“ನಾ ಹಿಂಗ ಕಲಿಸಿಲ್ಲ.”

ಐದೆಳೆ ಹೆಣಿಗೆಯಲ್ಲಿ ಎಳೆಗಳು ಒಂದೇ ಬದಿಗೆ ಓರೆಯಾಗಿ ಇಳಿಯುತ್ತವೆ. ರತ್ನವ್ವನ ಓರೆ ಬಲಕ್ಕೆ, ನನ್ನದು ಎಡಕ್ಕೆ. ಕಾರಣ ಅರ್ಧ ನಿಮಿಷದಲ್ಲಿ ತಿಳಿಯಿತು. ಪರದೆಯಲ್ಲಿ ಆಕೆ ನನಗೆ ಎದುರಾಗಿ ಕುಳಿತಿದ್ದರು. ಆಕೆಯ ಬಲಗೈ ನನಗೆ ಎಡಗಡೆ ಕಂಡಿತ್ತು, ಕನ್ನಡಿ ನೋಡಿ ಮಾಡುವಂತೆ ನಾನು ಎಡಗೈಯಲ್ಲಿ ಮಾಡಿದ್ದೆ. ಗುಂಪಿನಲ್ಲಿ ಅದನ್ನು ನೋಡಿ ಹೆಣೆದವರೆಲ್ಲ ಹಾಗೆಯೇ ಮಾಡಿದ್ದೆವು. ಈ ಓಣಿಯಲ್ಲಿ ಎದುರು ಕುಳಿತು ಯಾರೂ ಕಲಿಯುವುದಿಲ್ಲ. ಹೆಣ್ಣುಮಕ್ಕಳು ಬಗಲಲ್ಲಿ ಕುಳಿತು ಕಲಿಯುತ್ತಾರೆ. ಸಾಲು ಇರುವುದೇ ಅದಕ್ಕೆ.

ಹೆಂಗಸರು ನಕ್ಕರು, ನಾನೂ ನಕ್ಕೆ. ರತ್ನವ್ವ ನಗಲಿಲ್ಲ. ತಾವು ಹೆಣೆದ ಪಟ್ಟಿಯೊಂದನ್ನು ನನ್ನದರ ಪಕ್ಕಕ್ಕಿಟ್ಟು ಹೆಬ್ಬೆರಳಿನಿಂದ ಎರಡನ್ನೂ ಸವರಿದರು. ಬಲದ್ದು ಎಡಕ್ಕೆ, ಎಡದ್ದು ಬಲಕ್ಕೆ ಮುಖ ಮಾಡಿ ನಡುವೆ ಕೂಡಿದಂತೆ ಕಂಡವು.

“ನಮ್ಮ ಕಸ್ತೂರಿ ಹಿಂಗ ಹೆಣೀತಿದ್ಲು” ಎಂದರು.

ಕಸ್ತೂರಿ ಅವರ ತಂಗಿ. ಚಿಕ್ಕವಳಿದ್ದಾಗ ರತ್ನವ್ವನ ಬಗಲಲ್ಲಿ ತಮ್ಮನ ತೊಟ್ಟಿಲು ಇತ್ತಂತೆ. ಜಾಗವಿಲ್ಲದೆ ಕಸ್ತೂರಿ ಎದುರು ಕುಳಿತು ಕಲಿತಳು. ಅವಳ ಕೈ ನನ್ನ ಹಾಗೆಯೇ ಉಲ್ಟಾ ಆಯಿತು. ಅಪ್ಪ ಬೈಯುವ ಬದಲು ಇಬ್ಬರನ್ನೂ ಒಂದೊಂದು ಕಾಲಿಗೆ ಹಚ್ಚಿದ. ಬಲಗಾಲಿನದು ಅಕ್ಕ, ಎಡಗಾಲಿನದು ತಂಗಿ. ಆ ಮನೆಯ ಚಪ್ಪಲಿಯನ್ನು ಜನ ದೂರದಿಂದಲೇ ಗುರುತಿಸುತ್ತಿದ್ದರು. ಕಸ್ತೂರಿಯನ್ನು ಕಾಗವಾಡಕ್ಕೆ ಕೊಟ್ಟರು. ಗಂಡನಿಗೆ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ, ಈಗ ಮಗ ಕಚೇರಿಯೊಂದರಲ್ಲಿ ಗುಮಾಸ್ತ. ಆ ಮನೆಯಲ್ಲಿ ತೊಗಲಿನ ಕೆಲಸ ಬೇಡವೆಂದಾಯಿತು. ಹದಿನೈದು ವರ್ಷದಿಂದ ಕಸ್ತೂರಿ ಮದುವೆಗೆ, ಮಣ್ಣಿಗೆ ಬರುತ್ತಾಳೆ, ಅದೇ ದಿನ ಹೊರಡುತ್ತಾಳೆ. ಕಟ್ಟೆಯ ಮೇಲೆ ಕೂಡುವುದಿಲ್ಲ.

“ನೀವ ಉಲ್ಟಾ ಹೆಣೀರಿ ಅಲ್ಲಾ?” ಎಂದೆ.

“ಮಾಡಿ ನೋಡೇನಿ. ನಾಕ ಮಡಿಕಿ ಆಗೂದ್ರಾಗ ಕೈ ತನ್ನ ದಾರಿಗೆ ಹೋಕ್ಕೈತಿ.”

“ನನ್ನದು ನಡೀತೈತೇನು?”

ರತ್ನವ್ವ ಎರಡನ್ನೂ ಜಗ್ಗಿದರು. ನನ್ನದು ಬಗ್ಗಲಿಲ್ಲ. “ಇಲ್ರಿ” ಎಂದರು. ಎಂಟು ತಿಂಗಳ ಕೆಲಸದ ಬಗ್ಗೆ ಆಕೆ ಹೇಳಿದ್ದು ಅಷ್ಟೇ.

ಸಂಜೆ ತೊಗಲಿನ ಐದು ಎಳೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. ನಾನು ಕಾಗವಾಡದ ಮೇಲೆ ಮಿರಜಕ್ಕೆ ಹೋಗಿ ರೈಲು ಹಿಡಿಯುವವಳಿದ್ದೆ. “ಕಸ್ತೂರಿಗೆ ಕೊಡ್ರಿ. ಹೆಣದ್ರ ನನಗ ತಂದು ಕೊಡ್ರಿ. ಇಲ್ಲಂದ್ರ ಅಲ್ಲೇ ಬಿಡ್ರಿ, ಹೊಳ್ಳಿ ತರಬ್ಯಾಡ್ರಿ” ಎಂದರು. ರೈಲಿನ ಟಿಕೆಟ್ ರದ್ದು ಮಾಡಿದೆ.

ಮೂರನೆಯ ದಿನ ಕಾಗವಾಡಕ್ಕೆ ಹೊರಟೆ, ಅಥಣಿಯಿಂದ ಮೂವತ್ತೈದು ಕಿಲೊಮೀಟರ್. ಊರು ಹತ್ತಿರವಾದಂತೆ ದ್ರಾಕ್ಷಿ ಚಪ್ಪರಗಳು ಹೆಚ್ಚಾದವು, ಅಂಗಡಿಯ ಫಲಕಗಳಲ್ಲಿ ಮರಾಠಿ ಹೆಚ್ಚಾಯಿತು. ಕಸ್ತೂರೆವ್ವನ ಮನೆಗೆ ಹೊಸ ಬಣ್ಣ ಹಚ್ಚಿದ್ದರು. ಸೊಸೆ ಮರಾಠಿಯಲ್ಲಿ “ಯಾ, ಬಸಾ” ಎಂದು ಖುರ್ಚಿ ಹಾಕಿದಳು. ಚುರುಮುರಿ ಕೊಟ್ಟರು, ಚಹಾ ಕೊಟ್ಟರು. ಹಿಟ್ಟಿನ ಜರಡಿ ಕೇಳಲು ಬಂದ ನೆರೆಮನೆಯವಳು ಬಾಗಿಲಲ್ಲೇ ನಿಂತಳು. ನಾನು ಗಂಟು ಮುಂದಿಟ್ಟೆ. ಕಸ್ತೂರೆವ್ವ ಬಿಚ್ಚಲಿಲ್ಲ. ವಾಸನೆ ಬಡಿದಿರಬೇಕು, ಸೆರಗನ್ನು ಅದರ ಮೇಲೆ ಎಳೆದುಕೊಂಡರು.

“ಯಾರ್ರಿ ಇವರು?” ಎಂದಳು ನೆರೆಮನೆಯವಳು.

“ನಮ್ಮ ತವರಮನಿ ಕಡೆಯವರು.”

ಅರ್ಧ ತಾಸು ದ್ರಾಕ್ಷಿಯ ಮಾತಾಯಿತು. ನಾನು ಏಳುವಾಗ ಕಸ್ತೂರೆವ್ವ ಸೊಸೆಗೆ, “ಇವರ್ನ ಸ್ಟ್ಯಾಂಡಿನ ತನಕ ಬಿಟ್ಟು ಬರತೀನಿ” ಎಂದರು. ಗಂಟು ಅವರ ಕಂಕುಳಲ್ಲಿತ್ತು.

ನಿಲ್ದಾಣದ ನಲ್ಲಿಯಲ್ಲಿ ಬಟ್ಟೆಯನ್ನು ಇನ್ನೊಮ್ಮೆ ತೋಯಿಸಿದರು. ಅಥಣಿಯ ಬಸ್ಸು ಬಂತು. ನಾನು ಹತ್ತಿದೆ, ಹಿಂದೆ ಅವರೂ ಹತ್ತಿದರು. ಕಂಡಕ್ಟರ್ ಎಲ್ಲಿಗೆ ಎಂದ. ಅವರು ನಡುದಾರಿಯ ಕಬ್ಬಿನ ಕಾಟಾದ ಹೆಸರು ಹೇಳಿದರು, ಅಲ್ಲಿ ಕಬ್ಬಿನ ಗಾಡಿ ತೂಗುತ್ತಾರೆ.

“ಅಥಣಿ ತನಕ ಬರ್ರೆಲ್ಲಾ ಅವ್ವಾರ, ಹೆಂಗೂ ಪುಕ್ಕಟೆ.”

“ಕಾಟಾದ್ದ ಕೊಡಪಾ.”

ಕಿಟಕಿಗೆ ಬೆನ್ನು ಮಾಡಿ ನನ್ನೆದುರು ತಿರುಗಿ ಕುಳಿತರು. “ಕೈಬಟ್ಟ ಕೊಡ್ರಿ” ಎಂದು ನನ್ನ ತೋರುಬೆರಳಿಗೆ ಎಳೆಗಳ ತುದಿ ಸಿಕ್ಕಿಸಿದರು. ಮೊದಲ ಎರಡು ಮಡಿಕೆ ಬಿಚ್ಚಿದರು. ಮೂರನೆಯದರಿಂದ ಕೈ ನಿಲ್ಲಲಿಲ್ಲ. ಬಸ್ಸು ತಗ್ಗಿನಲ್ಲಿ ಇಳಿದಾಗ ಕೈಯೂ ಅದರೊಂದಿಗೆ ಇಳಿಯಿತು, ಎಳೆ ತಪ್ಪಲಿಲ್ಲ. ಎಂಟು ತಿಂಗಳು ಪರದೆಯಲ್ಲಿ ನೋಡಿದ್ದನ್ನು ಒಂದು ಗೇಣಿನ ಅಂತರದಲ್ಲಿ ನೋಡುತ್ತಿದ್ದೆ. ನನ್ನ ಪಟ್ಟಿಯನ್ನೂ ತೋರಿಸಿದೆ.

“ಭಾಳ ಬಿಗಿ. ಹೊಸದಾಗಿ ಕಲತವರು ಹಿಂಗ ಜಗ್ಗತಾರ” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ನಿಮಗ ಮನ್ಯಾಗ ಯಾರೂ ಏನೂ ಅನ್ನಂಗಿಲ್ಲೇನ್ರಿ? ತೊಗಲ ಹಿಡದ್ರ?”

“ಇಲ್ರಿ. ಹವ್ಯಾಸ ಅಂತಾರ.”

“ಹವ್ಯಾಸ” ಎಂದರು. “ಛಂದ ಐತಿ ಶಬ್ದ.”

ಎಳೆ ಮಡಚುತ್ತ ಮುಂದುವರಿಸಿದರು. “ಮಗಾ ಬ್ಯಾಡಂದ ಅಂತ ಎಲ್ಲಾರೂ ತಿಳಕೊಂಡಾರ. ಅವಾ ಅಲ್ರಿ, ನಾನ ಬ್ಯಾಡಂದೆ. ಮೊಮ್ಮಗಳು ಸಾಲ್ಯಾಗ ಯಾರ ಕಡಿಂದನೂ ಮಾತ ಕೇಳಬಾರದು ಅಂತ. ಅಕ್ಕಗ ಅದನ್ನ ಹೇಳಾಕ ಬಾಯಿ ಬಂದಿಲ್ಲ.”

ಕಾಟಾ ಬಂದಾಗ ಹೆಣಿಗೆ ಮುಗಿದಿತ್ತು. ತುದಿಯನ್ನು ಹಲ್ಲಿನಿಂದ ಬಿಗಿದು, ನನ್ನ ಬೆರಳಿನಿಂದ ಬಿಡಿಸಿ ಕೈಗಿಟ್ಟರು. “ಹೇಳಬ್ಯಾಡ್ರಿ ಏನೂ. ಇದನ್ನಷ್ಟ ಕೊಡ್ರಿ.” ಇಳಿದು ರಸ್ತೆ ದಾಟಿ, ಕಾಗವಾಡದ ಬಸ್ಸು ನಿಲ್ಲುವ ಕಡೆ ನಿಂತರು. ಅಥಣಿಯ ಕಡೆ ನೋಡುತ್ತಿದ್ದರು.

ರತ್ನವ್ವ ಪಟ್ಟಿಯನ್ನು ಕಣ್ಣಿನಿಂದ ನೋಡಲಿಲ್ಲ. ಹೆಬ್ಬೆರಳಿನಿಂದ ಒಮ್ಮೆ ಸವರಿದರು.

“ಎಲ್ಲಿ ಹೆಣದ್ಲು?”

“ಬಸ್ಸಿನ್ಯಾಗ.”

“ಬಸ್ಸಿನ್ಯಾಗ? ಎಲ್ಲಿ ತನಕ ಬಂದಿದ್ಲು?”

ಹೇಳಬಾರದೆಂದು ಕಸ್ತೂರೆವ್ವ ಹೇಳಿದ್ದರು. ಮಗನ, ಮೊಮ್ಮಗಳ ಮಾತು ನಾನು ಹೇಳಲಿಲ್ಲ. ಇದನ್ನು ಮುಚ್ಚಿಡಲಾಗಲಿಲ್ಲ. “ಕಾಟಾದ ತನಕ” ಎಂದೆ.

“ಅಷ್ಟ ದೂರ ಬಂದಿದ್ಲಾ” ಎಂದರು ರತ್ನವ್ವ.

ನಾಲ್ಕನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಅಥಣಿಯ ನಿಲ್ದಾಣದಲ್ಲಿ ಬೆಳಗಾವಿಯ ಬಸ್ಸು ಹತ್ತಿ ಕುಳಿತೆ. ಮಂಜು ಇನ್ನೂ ಕರಗಿರಲಿಲ್ಲ. ಪಕ್ಕದ ಕಾಗವಾಡದ ಬಸ್ಸಿನ ಬಳಿ ಶೋಭಾ ಕಂಡಳು, ಹಿಂದೆ ರತ್ನವ್ವ. ಕೈಯಲ್ಲಿ ಎರಡು ಒದ್ದೆ ಗಂಟು. ಕೆಲಸದ ದಿನ ಅತ್ತೆ ಕಟ್ಟೆ ಬಿಟ್ಟು ಎದ್ದದ್ದೇ ಇಲ್ಲವೆಂದು ಶೋಭಾ ನನ್ನ ಕಿಟಕಿಗೆ ಬಂದು ಹೇಳಿದಳು.

“ಫೋನ್ ಮಾಡೀರೇನು ಕಸ್ತೂರೆವ್ವಗ?” ಎಂದು ಕೇಳಿದೆ.

“ಮಾಡಿದ್ರ ಬರೂದಿಲ್ಲ ಅಂತಾಳ” ಎಂದರು ರತ್ನವ್ವ, ಮೆಟ್ಟಿಲು ಹತ್ತುತ್ತ. “ಕಾಟಾದ ಮುಂದ ಕೂತಿರತೀನಿ. ಬಸ್ಸಿನವರ ಕೂಡ ಹೇಳಿ ಕಳಸತೀನಿ, ಬಂದ್ರ ಬರಲಿ.”

ಅವರ ಬಸ್ಸು ಮೊದಲು ಹೊರಟಿತು. ರತ್ನವ್ವ ಕಿಟಕಿಯ ಬದಿ ಸೀಟು ಹಿಡಿದಿದ್ದರು. ಪಕ್ಕದ ಸೀಟಿನ ಮೇಲೆ ಗಂಟುಗಳನ್ನಿಟ್ಟು, ಯಾರೂ ಕೂಡದಂತೆ ಕೈ ಊರಿದ್ದರು.